ಡುಗುಡುಗು ಸದ್ದಿನ ಹಿಂದೆ

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸೈಲೆನ್ಸರ್‌ಗಳನ್ನು ಗೋಡೆಗೆ ಸಾಲಾಗಿ ನೇತುಹಾಕಿರುತ್ತಾರೆ. ಶಾರ್ಟ್ ಬಾಟಲ್, ಲಾಂಗ್ ಬಾಟಲ್, ಗೋಲ್ಡ್‌ಸ್ಟಾರ್, ಮೆಗಾಫೋನ್, ಡಾಲ್ಫಿನ್, ಇಂದೋರಿ, ಪಂಜಾಬ್, ಗ್ಲಾಸ್‌ವೂಲ್. ಕೆಲವಕ್ಕೆ ಆಕಾರದಿಂದ ಹೆಸರು ಬಂದಿದೆ, ಕೆಲವಕ್ಕೆ ಊರಿನಿಂದ, ಗೋಲ್ಡ್‌ಸ್ಟಾರ್‌ಗೆ ಹಳೆಯ ಬಿಎಸ್‌ಎ ಬೈಕಿನಿಂದ. ರಾಯಲ್ ಎನ್‌ಫೀಲ್ಡ್‌ನ ಬುಲೆಟ್ಟೋ ಕ್ಲಾಸಿಕ್ಕೋ ಮೀಟಿಯರೋ ಕೊಂಡು ತಿಂಗಳಾಗುವಷ್ಟರಲ್ಲಿ ಇಲ್ಲಿಗೆ ಬರುವ ಹುಡುಗರು ಕೇಳುವ ಪ್ರಶ್ನೆ ಎರಡೇ: "ಬೇಸ್ ಹೆಂಗ್ ಬರುತ್ತೆ ಅಣ್ಣ?", "ಪಿಕಪ್ ಜಾಸ್ತಿ ಆಗುತ್ತಾ?" ಮೊದಲನೆಯದಕ್ಕೆ ಅಂಗಡಿಯಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ನಿಜ. ಎರಡನೆಯದಕ್ಕೆ ಸಿಗುವ ಉತ್ತರವನ್ನು ನಂಬಬೇಡಿ. ಕ್ರೂಸರ್ ಬೈಕಿಗೆ ಸೈಲೆನ್ಸರ್ ಬದಲಿಸಿದರೆ ಸದ್ದು ಬದಲಾಗುತ್ತದೆ, ಗಾಡಿಯ ಬಲ ಬದಲಾಗುವುದಿಲ್ಲ. ಇದಕ್ಕೆ ಕಾರಣ ತಯಾರಕರ ಜಿಪುಣತನದಲ್ಲಿಲ್ಲ, ಭೌತಶಾಸ್ತ್ರದಲ್ಲಿದೆ.

ಸದ್ದಿನಿಂದಲೇ ಶುರುಮಾಡೋಣ. ಪೆಟ್ರೋಲ್ ಉರಿದು ಪಿಸ್ಟನ್ ಕೆಳಕ್ಕೆ ಇಳಿಯುತ್ತದೆ. ಅದು ತಳ ಮುಟ್ಟುವುದಕ್ಕೆ ಇನ್ನೂ ಸ್ವಲ್ಪ ಇರುವಾಗಲೇ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಆ ಹೊತ್ತಿಗೆ ಸಿಲಿಂಡರಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಬಿಸಿ ಅನಿಲ ಒಮ್ಮೆಲೇ ಇಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿಗೆ ನುಗ್ಗುತ್ತದೆ, ಅದರ ಮುಂದೆ ಒತ್ತಡದ ಒಂದು ಅಲೆ ಶಬ್ದದ ವೇಗದಲ್ಲಿ ಓಡುತ್ತದೆ. ಆ ಅಲೆ ಪೈಪಿನ ತುದಿಯಿಂದ ಹೊರಬಿದ್ದಾಗ ನಮಗೆ ಕೇಳಿಸುವುದೇ ಒಂದು 'ಡುಗ್'.

ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಒಂದು ಡುಗ್. ನಿಂತಲ್ಲೇ ಗಾಡಿ ಸಾವಿರ ಆರ್‌ಪಿಎಮ್‌ನಲ್ಲಿ ಓಡುತ್ತಿದ್ದರೆ ನಿಮಿಷಕ್ಕೆ 500, ಅಂದರೆ ಸೆಕೆಂಡಿಗೆ ಎಂಟು ಚಿಲ್ಲರೆ. ನಮ್ಮ ಕಿವಿ ಸೆಕೆಂಡಿಗೆ ಸುಮಾರು 20ಕ್ಕಿಂತ ಹೆಚ್ಚು ಬಡಿತಗಳನ್ನು ಬೆಸೆದು ಒಂದೇ ಸ್ವರವಾಗಿ ಕೇಳುತ್ತದೆ, ಅದಕ್ಕಿಂತ ಕಡಿಮೆಯಿದ್ದರೆ ಒಂದೊಂದನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ಬುಲೆಟ್ ನಿಂತಾಗ ಡುಗು ಡುಗು ಎನ್ನುವುದು, ಮೂರು ಸಾವಿರ ಆರ್‌ಪಿಎಮ್ ದಾಟಿದ ಮೇಲೆ ಅದೇ ಸದ್ದು ಒಂದು ಗುಂಗಾಗಿ ಕೂಡಿಕೊಳ್ಳುವುದು ಇದೇ ಕಾರಣಕ್ಕೆ. ಮೂರು ಸಾವಿರದಲ್ಲಿ ಬಡಿತ ಸೆಕೆಂಡಿಗೆ 25. ಅದೇ ವೇಗದಲ್ಲಿ ನಾಲ್ಕು ಸಿಲಿಂಡರಿನ ಇಂಜಿನ್ ನೂರು ಸಲ ಬಡಿಯುತ್ತದೆ. ಅದರಿಂದ ಡುಗುಡುಗು ಹೊರಡಿಸುವ ಸೈಲೆನ್ಸರ್ ಲೋಕದಲ್ಲಿ ಎಲ್ಲೂ ಇಲ್ಲ. ಲಯ ಕ್ರ್ಯಾಂಕಿನದು, ಪೈಪಿನದು ಬರೀ ಬಣ್ಣ.

ಹಾರ್ಲೆ-ಡೇವಿಡ್ಸನ್ನಿನ ಸಾಂಪ್ರದಾಯಿಕ ವಿ-ಟ್ವಿನ್ ಗಾಡಿಯ ಕುಂಟು ಲಯವೂ ಕ್ರ್ಯಾಂಕಿನ ಕೊಡುಗೆಯೇ. ಅದರ ಎರಡು ಸಿಲಿಂಡರುಗಳು 'ವಿ' ಆಕಾರದಲ್ಲಿ, 45 ಡಿಗ್ರಿ ಕೋನದಲ್ಲಿ ಕೂತಿವೆ, ಎರಡೂ ಪಿಸ್ಟನ್‌ಗಳ ಕಡ್ಡಿಗಳು ಒಂದೇ ಕ್ರ್ಯಾಂಕ್ ಪಿನ್ನಿಗೆ ಸೇರಿವೆ. ಹಾಗಾಗಿ ಒಂದು ಬಡಿತದಿಂದ ಮುಂದಿನದಕ್ಕೆ 315 ಡಿಗ್ರಿ, ಅಲ್ಲಿಂದ ಅದರ ಮುಂದಿನದಕ್ಕೆ 405 ಡಿಗ್ರಿ. ಎರಡು ಹತ್ತಿರ ಹತ್ತಿರ, ಆಮೇಲೆ ಒಂದು ತಡೆ. ಕಂಪನಿಗೆ ಈ ಸದ್ದಿನ ಮೇಲೆ ಎಷ್ಟು ಮೋಹವೆಂದರೆ 1994ರಲ್ಲಿ ಅಮೆರಿಕದಲ್ಲಿ ಅದನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿತು. ಪ್ರತಿಸ್ಪರ್ಧಿಗಳು ತಕರಾರು ತೆಗೆದರು, ವರ್ಷಗಟ್ಟಲೆ ಎಳೆದಾಡಿ 2000ದಲ್ಲಿ ಹಾರ್ಲೆ ಅರ್ಜಿ ಹಿಂತೆಗೆದುಕೊಂಡಿತು. ರಾಯಲ್ ಎನ್‌ಫೀಲ್ಡ್‌ನ ಸೂಪರ್ ಮೀಟಿಯರ್ 650ರಲ್ಲಿ ಸಿಲಿಂಡರುಗಳು ಅಕ್ಕಪಕ್ಕ ನೇರವಾಗಿ ನಿಂತಿದ್ದರೂ ಕ್ರ್ಯಾಂಕಿನ ಎರಡು ಪಿನ್‌ಗಳನ್ನು 270 ಡಿಗ್ರಿ ಅಂತರದಲ್ಲಿ ಇಟ್ಟಿದ್ದಾರೆ. ಅಲ್ಲಿ ಅಂತರ 270, ಮತ್ತೆ 450. ವಿ-ಟ್ವಿನ್ನಿನ ಏರುಪೇರು ಹಾಗೆ ಬಂದಿದೆ.

ಈಗ ಸೈಲೆನ್ಸರಿನ ಒಳಗೆ. ಕಂಪನಿಯ ಸೈಲೆನ್ಸರನ್ನು ಉದ್ದಕ್ಕೆ ಕೊಯ್ದು ನೋಡಿದರೆ ಹೊರಗಿನ ನುಣುಪು ಕ್ರೋಮಿಗೂ ಒಳಗಿನದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಎರಡು ಪದರದ ತಗಡು, ಅಡ್ಡಕ್ಕೆ ಬೆಸುಗೆ ಹಾಕಿದ ಬಫಲ್ ಎಂಬ ತಟ್ಟೆಗಳು, ಆ ತಟ್ಟೆಗಳು ಮಾಡಿದ ಎರಡು ಮೂರು ಕೋಣೆಗಳು, ಒಂದು ಕೋಣೆಯಿಂದ ಇನ್ನೊಂದಕ್ಕೆ ಹಾಯುವ ತೂತು ತೂತಿನ ಕೊಳವೆಗಳು. ಕೆಲವು ಕೊಳವೆಗಳು ಹಿಂದಕ್ಕೂ ತಿರುಗಿರುತ್ತವೆ. ಎಲ್ಲದರ ಮೇಲೂ ಬೂದುಗಪ್ಪು ಮಸಿ. ಅನಿಲ ಇಲ್ಲಿ ನೇರವಾಗಿ ಹೋಗುವುದೇ ಇಲ್ಲ. ಪ್ರತಿ ಕೋಣೆಯ ಬಾಗಿಲಲ್ಲೂ ಒತ್ತಡದ ಅಲೆಯ ಒಂದು ಪಾಲು ಹಿಂದಕ್ಕೆ ಪುಟಿಯುತ್ತದೆ. ಹಿಂದೆ ಬಂದ ಅಲೆಯ ಉಬ್ಬು, ಮುಂದೆ ಬರುತ್ತಿರುವ ಅಲೆಯ ತಗ್ಗಿಗೆ ಸರಿಯಾಗಿ ಸಿಕ್ಕರೆ ಎರಡೂ ಒಂದನ್ನೊಂದು ನುಂಗಿಕೊಳ್ಳುತ್ತವೆ. ಕೋಣೆಯ ಗಾತ್ರ, ಕೊಳವೆಯ ಉದ್ದ ಇಷ್ಟೇ ಇರಬೇಕೆಂದು ಲೆಕ್ಕ ಹಾಕುವುದು ಯಾವ ಸ್ವರವನ್ನು ನುಂಗಿಸಬೇಕು ಎನ್ನುವುದರ ಮೇಲೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಹೊರಡುತ್ತದಲ್ಲ, ಆ ಗಾಳಿಯ ಕುಣಿತವನ್ನು ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ವಿವರಿಸಿದರು. ಬಾಗಿಲು ಒಂದೇ ಇರುವ ಕೋಣೆ ಸೈಲೆನ್ಸರಿನಲ್ಲಿ ಅದೇ ಕೆಲಸವನ್ನು ತಿರುವುಮುರುವಾಗಿ ಮಾಡುತ್ತದೆ: ತನ್ನ ಸ್ವರ ಯಾವುದೋ ಅದನ್ನು ಒಳಗೆ ಎಳೆದುಕೊಂಡು ಹೊರಗೆ ಬಿಡುವುದಿಲ್ಲ. ಮಂದ್ರದ, ದಪ್ಪ ಸದ್ದುಗಳನ್ನು ಅಡಗಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಗ್ಲಾಸ್‌ವೂಲ್ ಸೈಲೆನ್ಸರ್ ಬೇರೆ ಜಾತಿ. ನಡುವೆ ಒಂದೇ ನೇರ ಕೊಳವೆ, ಅದರ ಮೈತುಂಬ ತೂತು, ಸುತ್ತ ಗಾಜಿನ ನಾರಿನ ತುಂಬು. ಅಲೆ ನಾರಿನೊಳಗೆ ಹೊಕ್ಕು ತಿಕ್ಕಾಟದಲ್ಲಿ ಶಾಖವಾಗಿ ಕರಗುತ್ತದೆ. ಇದು ಚೆನ್ನಾಗಿ ನಡೆಯುವುದು ತಾರಕದ, ಚೀರುವ ಸದ್ದುಗಳ ಮೇಲೆ. ಉದ್ದ ಅಲೆಯ ಮಂದ್ರಕ್ಕೆ ಎರಡು ಬೆರಳು ದಪ್ಪದ ನಾರು ಲೆಕ್ಕಕ್ಕಿಲ್ಲ, ಅದು ಹಾಗೇ ಹಾದುಹೋಗುತ್ತದೆ. ಅಂಗಡಿಯಲ್ಲಿ "ಬೇಸ್ ಬರುತ್ತೆ" ಎನ್ನುವುದರ ಗುಟ್ಟು ಇಷ್ಟೇ: ಇಲ್ಲಿ ಬೇಸನ್ನು ಯಾರೂ ಸೇರಿಸಿಲ್ಲ, ಚೀರಾಟವನ್ನು ತೆಗೆದು ಬೇಸನ್ನು ಉಳಿಸಿದ್ದಾರೆ. ಆದರೆ ನಾರಿಗೆ ಆಯುಸ್ಸು ಕಡಿಮೆ. ಬಿಸಿಗೆ ಪುಡಿಯಾಗಿ ಅನಿಲದೊಡನೆ ಸ್ವಲ್ಪ ಸ್ವಲ್ಪವೇ ಹಾರಿಹೋಗುತ್ತದೆ, ಕೊಂಡಾಗ ಗಂಭೀರವಾಗಿದ್ದ ಸದ್ದು ಬರಬರುತ್ತ ಒಡೆದ ತಗಡಿನ ಸದ್ದಾಗುತ್ತದೆ. ಕೊಳ್ಳುವಾಗ ಕೊನೆಯ ಮುಚ್ಚಳ ರಿವೆಟ್ಟಿನದೋ ಬೆಸುಗೆಯದೋ ನೋಡಿಕೊಳ್ಳಿ. ರಿವೆಟ್ಟಿನದಾದರೆ ಬಿಚ್ಚಿ ಹೊಸ ನಾರು ತುಂಬಿಸಬಹುದು. ಬೆಸುಗೆ ಹಾಕಿದ್ದು ಹಳಸಿದರೆ ಗುಜರಿಗೆ.

ಇನ್ನು ಅಳತೆಯ ವಿಚಾರ. ಇಲ್ಲೊಂದು ಮೋಜಿದೆ. ಕಾನೂನು ಸದ್ದನ್ನು ಅಳೆಯುವುದು ಡಿಬಿ(ಎ) ಎಂಬ ಮಾಪಕದಲ್ಲಿ. ಮನುಷ್ಯರ ಕಿವಿ ಮಂದ್ರಕ್ಕೆ ಮಂದವಾದ್ದರಿಂದ ಈ ಮಾಪಕವೂ ಮಂದ್ರಕ್ಕೆ ರಿಯಾಯಿತಿ ಕೊಡುತ್ತದೆ: 100 ಹರ್ಟ್ಸ್ ಸದ್ದಿಗೆ ಸುಮಾರು 19 ಡೆಸಿಬಲ್, 50 ಹರ್ಟ್ಸಿಗೆ ಸುಮಾರು 30 ಡೆಸಿಬಲ್ ಕಳೆದು ಲೆಕ್ಕ ಹಾಕುತ್ತದೆ. ಅಂದರೆ ಎದೆಗೆ ತಾಗುವ ದಪ್ಪ ಸದ್ದು ಮೀಟರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ಚೀರುವ ಸದ್ದು ಪೂರ್ತಿ ಕಾಣುತ್ತದೆ. ಜಾಣ ಸೈಲೆನ್ಸರ್ ತಯಾರಕನಿಗೆ ಕ್ರೂಸರಿಗೆ ಬೇಕಾದ ಗಾಂಭೀರ್ಯವನ್ನು ಉಳಿಸಿಕೊಂಡು ಮಿತಿಯೊಳಗೆ ಇರಲು ಇಲ್ಲಿ ದಾರಿ ಇದೆ. ಕಂಪನಿಗಳ ಇಂಜಿನಿಯರುಗಳೂ ಮಾಡುವುದು ಇದನ್ನೇ. ಬಫಲ್ ಕಿತ್ತೆಸೆಯುವವನಿಗೆ ಮಾತ್ರ ಈ ಜಾಣತನ ಬೇಡ.

ಡೆಸಿಬಲ್ ಲೆಕ್ಕ ನೆಟ್ಟಗೆ ಕೂಡುವ ಲೆಕ್ಕ ಅಲ್ಲ. ಮೂರು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಸುಮಾರು ಇಮ್ಮಡಿ, ಹತ್ತು ಏರಿದರೆ ಹತ್ತು ಪಟ್ಟು. 175 ಸಿಸಿಗಿಂತ ದೊಡ್ಡ ಮೋಟಾರ್‌ಸೈಕಲ್ಲು ತಯಾರಾಗಿ ಹೊರಬರುವಾಗ ಪರೀಕ್ಷೆಯಲ್ಲಿ 80 ಡಿಬಿ(ಎ) ದಾಟಬಾರದು ಎಂದು ನಮ್ಮ ದೇಶದ ನಿಯಮ. ಬಫಲ್ ತೆಗೆದ ಗಾಡಿ 90 ತಲುಪಿದರೆ ಹತ್ತು ಗಾಡಿಗಳು ಒಟ್ಟಿಗೆ ಹೋದಷ್ಟು ಸದ್ದು ಅದೊಂದರಿಂದಲೇ. ಕಿವಿಗೆ ಅದು ಹತ್ತು ಪಟ್ಟು ಅನ್ನಿಸುವುದಿಲ್ಲ, ಸುಮಾರು ಎರಡು ಪಟ್ಟು ಅನ್ನಿಸುತ್ತದೆ. ಸವಾರನಿಗೆ ಅಷ್ಟೂ ಅನ್ನಿಸುವುದಿಲ್ಲ. ಪೈಪಿನ ಬಾಯಿ ಹಿಂದಕ್ಕಿದೆ, ಅವನ ಕಿವಿ ಹೆಲ್ಮೆಟ್ಟಿನೊಳಗಿದೆ, ಹೈವೇ ಹತ್ತಿದ ಮೇಲೆ ಗಾಳಿಯ ಮೊರೆತವೇ ಬೇರೆಲ್ಲವನ್ನೂ ಮುಚ್ಚುತ್ತದೆ. ಪೂರ್ತಿ ಫಲ ಉಣ್ಣುವವರು ಹಿಂದಿನವರು ಮತ್ತು ಮನೆಯಲ್ಲಿ ಮಲಗಿದವರು. ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು ಇರಬೇಕಾದ ಸದ್ದಿನ ಮಿತಿ 45 ಡೆಸಿಬಲ್ ಎಂಬುದನ್ನು ಇಲ್ಲಿ ನೆನೆಯಬಹುದು.

ಇಷ್ಟು ಸದ್ದಿನ ಕಥೆ. ಪಿಕಪ್ಪಿನ ನಂಬಿಕೆ ಎಲ್ಲಿಂದ ಬಂತು?

ಅದಕ್ಕೆ ನಿಜವಾದ ಬೇರು ಇದೆ, ಆದರೆ ಬೇರೆ ತೋಟದಲ್ಲಿ. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡನ್ ಎಂಬ ಇಂಜಿನಿಯರ್ ಇದ್ದರು. ಎರಡು ಸ್ಟ್ರೋಕಿನ ಇಂಜಿನ್ನಿನ ದೊಡ್ಡ ಕಾಯಿಲೆ ಎಂದರೆ ಹೊಸ ಪೆಟ್ರೋಲ್-ಗಾಳಿಯ ಮಿಶ್ರಣದ ಒಂದು ಪಾಲು ಉರಿಯುವ ಮೊದಲೇ ಹೊಗೆಯ ಜೊತೆ ಹೊರಗೆ ಹೋಗಿಬಿಡುವುದು. 1950ರ ದಶಕದಲ್ಲಿ ಕಾಡನ್ ಹೊಗೆಕೊಳವೆಯನ್ನು ಮೊದಲು ಅಗಲಿಸಿ ಆಮೇಲೆ ಕಿರಿದಾಗಿಸಿ, ಒತ್ತಡದ ಅಲೆ ಸರಿಯಾದ ಗಳಿಗೆಗೆ ತಿರುಗಿ ಬಂದು ತಪ್ಪಿಸಿಕೊಂಡ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುವಂತೆ ಪಳಗಿಸಿದರು. 1961ರಲ್ಲಿ ಅವರ 125 ಸಿಸಿ ರೇಸ್ ಗಾಡಿ 25 ಹಾರ್ಸ್‌ಪವರ್ ಕೊಡುತ್ತಿತ್ತು, ಲೀಟರಿಗೆ ಲೆಕ್ಕ ಹಾಕಿದರೆ 200. ಅದೇ ವರ್ಷ ತಂಡದ ಸವಾರ ಎರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವನು ಪೂರ್ವ ಜರ್ಮನಿಗೆ ಹಿಂತಿರುಗಲಿಲ್ಲ. ಗುಟ್ಟಿನ ಸಮೇತ ಜಪಾನಿನ ಸುಜುಕಿ ಸೇರಿದ. ಮರುವರ್ಷ ಸುಜುಕಿಯ ಮೇಲೆ 50 ಸಿಸಿ ವಿಶ್ವ ಚಾಂಪಿಯನ್ ಆದ. ಒಂದು ಪೈಪಿನ ಆಕಾರಕ್ಕಾಗಿ ಇಷ್ಟು ನಡೆಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳೂ ಎರಡು ಸ್ಟ್ರೋಕಿನವೇ. ಅವುಗಳ ಕಾಲದಲ್ಲಿ ಪೈಪು ಬದಲಿಸಿದರೆ ಗಾಡಿ ಬದಲಾಗುತ್ತದೆ ಎಂದ ಹಳೆಯ ಮೆಕ್ಯಾನಿಕ್ ಸುಳ್ಳು ಹೇಳಿರಲಿಲ್ಲ.

ನಾಲ್ಕು ಸ್ಟ್ರೋಕಿನಲ್ಲೂ ಅಲೆಯಿಂದ ಉಪಯೋಗವಿದೆ, ಬೇರೆ ರೀತಿಯಲ್ಲಿ. ಒತ್ತಡದ ಅಲೆ ಪೈಪಿನ ತೆರೆದ ತುದಿ ಮುಟ್ಟಿದಾಗ ಅಲ್ಲಿಂದ ಒಂದು ಹೀರು-ಅಲೆ ಹಿಂದಕ್ಕೆ ಹೊರಡುತ್ತದೆ. ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತ, ಇನ್‌ಟೇಕ್ ವಾಲ್ವ್ ತೆರೆಯುತ್ತ ಎರಡೂ ಅರೆಬರೆ ತೆರೆದಿರುವ ಹೊತ್ತಿಗೆ ಈ ಹೀರು-ಅಲೆ ಬಂದು ಮುಟ್ಟಿದರೆ ಉಳಿದ ಹೊಗೆಯನ್ನು ಎಳೆದು ಹಾಕುತ್ತದೆ, ಹೊಸ ಗಾಳಿಗೆ ಜಾಗವಾಗುತ್ತದೆ. ಪ್ರಶ್ನೆ ಹೊತ್ತಿನದು. ಮೀಟಿಯರ್ 350 ತನ್ನ ಗರಿಷ್ಠ ಟಾರ್ಕ್, 27 ನ್ಯೂಟನ್ ಮೀಟರ್, ಕೊಡುವುದು 4000 ಆರ್‌ಪಿಎಮ್‌ನಲ್ಲಿ. ಆಗ ಕ್ರ್ಯಾಂಕಿನ ಒಂದು ಸುತ್ತಿಗೆ 15 ಮಿಲಿಸೆಕೆಂಡ್. ಎಕ್ಸಾಸ್ಟ್ ವಾಲ್ವ್ ತೆರೆದಲ್ಲಿಂದ ಈ ಅರೆಬರೆ ಗಳಿಗೆಗೆ ಸುಮಾರು 240 ಡಿಗ್ರಿ ಎಂದಿಟ್ಟುಕೊಳ್ಳಿ, ಹತ್ತು ಮಿಲಿಸೆಕೆಂಡ್ ಆಯಿತು. 500 ಡಿಗ್ರಿ ಬಿಸಿಯ ಅನಿಲದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 550 ಮೀಟರ್ ಓಡುತ್ತದೆ, ಹತ್ತು ಮಿಲಿಸೆಕೆಂಡಿನಲ್ಲಿ ಐದೂವರೆ ಮೀಟರ್. ಹೋಗಿ ಬರುವ ದಾರಿ ಅದು, ಆದ್ದರಿಂದ ಪೈಪಿನ ಉದ್ದ ಎರಡೂಮುಕ್ಕಾಲು ಮೀಟರ್ ಬೇಕು. ಮೀಟಿಯರ್ ಗಾಡಿಯ ಒಟ್ಟು ಉದ್ದವೇ 2.14 ಮೀಟರ್!

ಸುಲಭದ ಲೆಕ್ಕ ಇದು, ಆದರೂ ಬೇಕಾದ್ದನ್ನು ಹೇಳುತ್ತದೆ. ಎಂಟು, ಹತ್ತು ಸಾವಿರ ಆರ್‌ಪಿಎಮ್‌ನಲ್ಲಿ ಚೀರುವ ರೇಸ್ ಗಾಡಿಗೆ ಮೀಟರಿನ ಆಸುಪಾಸಿನ ಪೈಪು ಸಾಕು, ಅಲ್ಲಿ ಪೈಪಿನಿಂದ ಬಲ ತೆಗೆಯಬಹುದು. ನಿಧಾನವಾಗಿ ಓಡಲೆಂದೇ ಮಾಡಿದ ಕ್ರೂಸರಿನಲ್ಲಿ ಅಲೆ ಗಳಿಗೆಗಿಂತ ಮೊದಲೇ ಹಲವು ಸಲ ಹೋಗಿ ಬಂದು ಸುಸ್ತಾಗಿರುತ್ತದೆ. ಮೇಲಾಗಿ ಅಂಗಡಿಯಲ್ಲಿ ಮಾರುವ ಬಹುತೇಕ ಸೈಲೆನ್ಸರುಗಳು ಸ್ಲಿಪ್-ಆನ್, ಅಂದರೆ ಬೆಂಡ್ ಪೈಪನ್ನು ಹಾಗೇ ಬಿಟ್ಟು ಹಿಂದಿನ ಡಬ್ಬಿಯನ್ನಷ್ಟೇ ಬದಲಿಸುವಂಥವು. ಅಲೆಯ ಹೊತ್ತನ್ನು ಹೆಚ್ಚಾಗಿ ಗೊತ್ತುಮಾಡುವ ಬೆಂಡ್ ಪೈಪು ಬದಲಾಗಲೇ ಇಲ್ಲ. ಮೀಟಿಯರಿನ ಬಲ 20.2 ಹಾರ್ಸ್‌ಪವರ್. ಹೇಗೋ ಐದು ಪರ್ಸೆಂಟ್ ಏರಿತು ಅನ್ನಿ, ಒಂದು ಹಾರ್ಸ್‌ಪವರ್ ಆಯಿತು. 191 ಕೆಜಿ ಗಾಡಿ, ಮೇಲೆ ಸವಾರ, ಹಿಂದೆ ಇನ್ನೊಬ್ಬರು. ಈ ಒಂದು ಹಾರ್ಸ್‌ಪವರ್ ನಿಮ್ಮ ಕೈಗೆ ತಿಳಿಯುವುದಿಲ್ಲ. ಸದ್ದು ಜಾಸ್ತಿಯಾದಾಗ ವೇಗವೂ ಜಾಸ್ತಿಯಾದ ಹಾಗೆ ಕಿವಿ ಮನಸ್ಸಿಗೆ ಹೇಳುತ್ತದೆ, ಪಿಕಪ್ಪು ಅಂದರೆ ಅದೇ.

ಇದಕ್ಕೆ ಎದುರಾದ ಇನ್ನೊಂದು ನಂಬಿಕೆಯೂ ಗ್ಯಾರೇಜುಗಳಲ್ಲಿ ಇದೆ: "ಬ್ಯಾಕ್ ಪ್ರೆಷರ್ ಇರ್ಲೇಬೇಕು, ಇಲ್ಲಾಂದ್ರೆ ಇಂಜಿನ್ ಹೋಗುತ್ತೆ." ಹೊಗೆಯನ್ನು ಹೊರಗೆ ತಳ್ಳಲು ಇಂಜಿನ್ ಪಡುವ ಕಷ್ಟ ಯಾವತ್ತೂ ನಷ್ಟವೇ, ಅದರಿಂದ ಇಂಜಿನ್ನಿಗೆ ಒಳ್ಳೆಯದಾಗುವುದಿಲ್ಲ. ಹಾಗಿದ್ದರೂ ಅಗಲವಾದ ಪೈಪು ಹಾಕಿದಾಗ ಕೆಳಗಿನ ಆರ್‌ಪಿಎಮ್‌ನಲ್ಲಿ ಗಾಡಿ ಸೊರಗುವುದು ನಿಜ. ಕಾರಣ, ಅಗಲ ಪೈಪಿನಲ್ಲಿ ಅನಿಲದ ವೇಗ ಇಳಿಯುತ್ತದೆ, ಓಡುವ ಅನಿಲ ತನ್ನ ಹಿಂದಿನದನ್ನು ಎಳೆದುಕೊಂಡು ಹೋಗುವುದು ಕಡಿಮೆಯಾಗುತ್ತದೆ, ಅಲೆಯ ಹೊತ್ತು ತಪ್ಪುತ್ತದೆ. ಕಾರ್ಬ್ಯುರೇಟರ್ ಕಾಲದಲ್ಲಿ ಇನ್ನೊಂದು ಸೇರುತ್ತಿತ್ತು: ಗಾಳಿ ಹೆಚ್ಚಾಗಿ ಪೆಟ್ರೋಲ್ ಅಷ್ಟೇ ಇದ್ದು ಮಿಶ್ರಣ ತೆಳುವಾಗಿ ಇಂಜಿನ್ ಕಾಯುತ್ತಿತ್ತು. ಪೆಟ್ರೋಲ್ ಬಿಡುವ ಜೆಟ್ ಬದಲಿಸಿದ್ದರೆ ಸಾಕಿತ್ತು. ಅಪವಾದ ಬ್ಯಾಕ್ ಪ್ರೆಷರಿನ ತಲೆಗೆ ಬಂತು.

ಈಗಿನ ಕ್ರೂಸರುಗಳಲ್ಲಿ ಜೆಟ್ ಇಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಪೆಟ್ರೋಲ್ ಎಷ್ಟು ಬಿಡಬೇಕೆಂದು ಇಸಿಯು ಎಂಬ ಪುಟ್ಟ ಕಂಪ್ಯೂಟರ್ ತೀರ್ಮಾನಿಸುತ್ತದೆ. ಅದಕ್ಕೆ ಸುದ್ದಿ ಕೊಡುವುದು ಹೊಗೆಕೊಳವೆಗೆ ತಿರುಪಿದ ಬೆರಳುದ್ದದ ಲ್ಯಾಮ್ಡಾ ಸೆನ್ಸರ್. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಮೂಸಿ, ಮಿಶ್ರಣ ತೆಳುವೋ ಗಟ್ಟಿಯೋ ಎಂದು ವೋಲ್ಟೇಜಿನಲ್ಲಿ ಹೇಳುತ್ತದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಇದ್ದಾಗಲೇ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ತನ್ನ ಕೆಲಸವನ್ನು ಪೂರ್ತಿ ಮಾಡಬಲ್ಲದು. ಜೇನುಗೂಡಿನಂಥ ಸಣ್ಣ ಕಿಂಡಿಗಳಿಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪಿಸಿದ ಡಬ್ಬಿ ಅದು. ಕಾರ್ಬನ್ ಮೊನಾಕ್ಸೈಡ್, ಉರಿಯದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್ ಮೂರನ್ನೂ ಒಟ್ಟಿಗೆ ನಿರಪಾಯ ಮಾಡುತ್ತದೆ. ಕೆಲವು ಗಾಡಿಗಳಲ್ಲಿ ಇದು ಬೆಂಡ್ ಪೈಪಿನಲ್ಲಿದೆ, ಕೆಲವುಗಳಲ್ಲಿ ಸೈಲೆನ್ಸರಿನ ಒಳಗೇ. ಕೊಳ್ಳುವ ಮೊದಲು ಕೇಳಲೇಬೇಕಾದ ಪ್ರಶ್ನೆ ಇದು. ಸೈಲೆನ್ಸರಿನಲ್ಲಿದ್ದರೆ ಹೊಸದರಲ್ಲೂ ಕ್ಯಾಟ್ ಇರಬೇಕು. "ಅದೆಲ್ಲ ತೆಗೆದುಬಿಟ್ರೆ ಗಾಡಿ ಫ್ರೀ ಆಗುತ್ತೆ" ಎನ್ನುವವರ ಅಂಗಡಿಯಿಂದ ಎದ್ದು ಬನ್ನಿ.

ಸ್ಲಿಪ್-ಆನ್ ಹಾಕಿಸಿದ ಮೇಲೆ ವಾರ ಬಿಟ್ಟು ಜೋಡಣೆಯ ಜಾಗವನ್ನು ಬಗ್ಗಿ ನೋಡಿ. ಕ್ಲ್ಯಾಂಪಿನ ಅಂಚಿನಲ್ಲಿ ಕಪ್ಪು ಮಸಿಯ ಗೆರೆ ಮೂಡಿದ್ದರೆ ಅಲ್ಲಿ ಸೋರಿಕೆ ಇದೆ. ಹೊಗೆ ಹೊರಗೆ ಬರುವುದಷ್ಟೇ ಅಲ್ಲ, ಎರಡು ಬಡಿತಗಳ ನಡುವಿನ ಹೀರಾಟದಲ್ಲಿ ಹೊರಗಿನ ಗಾಳಿ ಒಳಗೂ ಹೋಗುತ್ತದೆ. ಸೋರಿಕೆ ಸೆನ್ಸರಿನ ಹತ್ತಿರವಿದ್ದರೆ ಸೆನ್ಸರ್ ಮಿಶ್ರಣ ತೆಳುವಾಗಿದೆ ಎಂದು ತಪ್ಪು ವರದಿ ಕೊಡುತ್ತದೆ, ಇಸಿಯು ಸುಮ್ಮನೆ ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಮೈಲೇಜ್ ಇಳಿಯುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಪಟ್ ಪಟ್ ಎಂದು ಪಟಾಕಿ ಸಿಡಿಯುವುದೂ ಹೆಚ್ಚಾಗಿ ಇದರಿಂದಲೇ: ಉರಿಯದೆ ಉಳಿದ ಪೆಟ್ರೋಲಿಗೆ ಸೋರಿಕೆಯ ಗಾಳಿ ಸೇರಿ ಬಿಸಿ ಪೈಪಿನೊಳಗೇ ಹೊತ್ತಿಕೊಳ್ಳುತ್ತದೆ. ಕೆಲವರು ಇದನ್ನು ಶೋಕಿ ಅಂದುಕೊಂಡಿದ್ದಾರೆ. ಹೊಸ ಗ್ಯಾಸ್ಕೆಟ್ ಹಾಕಿಸಿ, ಕ್ಲ್ಯಾಂಪ್ ಬಿಗಿ ಮಾಡಿಸಿ.

ದೊಡ್ಡ ಸದ್ದು ಪ್ರಾಣ ಉಳಿಸುತ್ತದೆ ಎಂಬ ವಾದ ಅಮೆರಿಕದಿಂದ ಬಂದದ್ದು, ಅಲ್ಲಿನ ಕ್ರೂಸರ್ ಸವಾರರ ಅಚ್ಚುಮೆಚ್ಚಿನ ಘೋಷಣೆ. ಅದೇ ದೇಶದಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕರು ಲಾಸ್ ಏಂಜಲೀಸಿನ 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಮುಕ್ಕಾಲು ಪಾಲಿಗಿಂತ ಹೆಚ್ಚು ಅಪಘಾತಗಳಲ್ಲಿ ಅಪಾಯ ಬಂದದ್ದು ಸವಾರನ ಮುಂದಿನಿಂದ, ನೇರ ದಿಕ್ಕಿನ ಎಡಕ್ಕೂ ಬಲಕ್ಕೂ 45 ಡಿಗ್ರಿಯೊಳಗೆ. ಸೈಲೆನ್ಸರಿನ ಬಾಯಿ ಎತ್ತ ತಿರುಗಿದೆ ಎಂದು ಒಮ್ಮೆ ನೋಡಿದರೆ ವಾದದ ಬೆಲೆ ಗೊತ್ತಾಗುತ್ತದೆ. ಹಗಲಲ್ಲೂ ಉರಿಯುವ ಹೆಡ್‌ಲೈಟು ಮುಂದಿನವರಿಗೆ ಕಾಣಿಸುತ್ತದೆ.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಸದ್ದು, ಹೊಗೆಯ ಮಿತಿ ಮೀರಿ ಓಡಿಸಿದರೆ ಸೆಕ್ಷನ್ 190(2)ರ ಪ್ರಕಾರ ಮೊದಲ ಸಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಇಲ್ಲ. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ್ದಾರೆ.

ಇಷ್ಟಾದರೂ ಬೇಕೇ ಬೇಕು ಎನ್ನುವವರಿಗೆ ನನ್ನ ಸಲಹೆ ಇದು. ಮೊದಲು ನಿಮ್ಮ ಗಾಡಿಯ ಕಂಪನಿಯೇ ಅದೇ ಮಾಡೆಲಿಗೆಂದು ಅಕ್ಸೆಸರಿ ಸೈಲೆನ್ಸರ್ ಮಾರುತ್ತದೆಯೇ ವಿಚಾರಿಸಿ, ಅದು ರಸ್ತೆಗೆ ಮಂಜೂರಾದದ್ದೇ ಎಂದು ಬರಹದಲ್ಲಿ ಕೇಳಿ. ಹೊರಗಿನದನ್ನು ಕೊಳ್ಳುವುದಾದರೆ ಅಗಲಕ್ಕಿಂತ ಉದ್ದಕ್ಕೆ, ಖಾಲಿ ಡಬ್ಬಿಗಿಂತ ಕೋಣೆಗಳಿರುವುದಕ್ಕೆ ದುಡ್ಡು ಕೊಡಿ. ಬೆಂಡ್ ಪೈಪು, ಕ್ಯಾಟ್, ಸೆನ್ಸರ್ ಮುಟ್ಟಿಸಬೇಡಿ. ಸದ್ದು ತಗ್ಗಿಸಲು ತುದಿಯಲ್ಲಿ ತಿರುಪಿನಿಂದ ಕೂರಿಸಿದ ಡಿಬಿ ಕಿಲ್ಲರ್ ಅನ್ನು ಮನೆಗೆ ಹೋಗಿ ಬಿಚ್ಚಬೇಡಿ, ಸೈಲೆನ್ಸರಿನ ಅರ್ಧ ವಿಜ್ಞಾನ ಅದರಲ್ಲೇ ಇದೆ. ಮತ್ತೆ, ಬಿಚ್ಚಿದ ಕಂಪನಿ ಸೈಲೆನ್ಸರನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಎರಡು ಪದರದ ತಗಡು, ಲೆಕ್ಕ ಹಾಕಿ ಮಾಡಿದ ಕೋಣೆಗಳು, ಕೆಲವೊಮ್ಮೆ ಒಳಗೆ ಪ್ಲಾಟಿನಂ ಇರುವ ಆ ತೂಕದ ಡಬ್ಬಿಗೆ ಅಲ್ಲಿ ಗುಜರಿ ಬೆಲೆ ಕಟ್ಟುತ್ತಾರೆ, ಗಾಡಿ ಮಾರುವ ದಿನ ಹೊಸದನ್ನು ಕೊಳ್ಳಲು ಹೋದರೆ ಅದರ ನಿಜವಾದ ಬೆಲೆ ತಿಳಿಯುತ್ತದೆ.